ಮಾವನ ತೆಕ್ಕೆ

ನನ್ನ ಮಾವನ ಬೆರಳುಗಳ ಸಂದಿಯಲ್ಲಿ ಹುಣಸೆಹಣ್ಣಿನ ಕಪ್ಪು ಕೂತುಬಿಟ್ಟಿತ್ತು. ಎಷ್ಟು ಉಜ್ಜಿದರೂ ಹೋಗದು. ಆ ಕೈಗಳನ್ನು ಅವರು ಸದಾ ಬೆನ್ನ ಹಿಂದೆ ಕಟ್ಟಿಕೊಂಡೇ ಓಡಾಡುತ್ತಿದ್ದರು, ಯಾರಿಗಾದರೂ ತಗುಲೀತು ಎನ್ನುವ ಹಾಗೆ.

ಹಿಂದೂಪುರದಲ್ಲಿ ಅವರದು ಹುಣಸೆಹಣ್ಣಿನ ಮಂಡಿ. ಅಪ್ಪಿಕೊಳ್ಳುವ ಮಾತುಗಳೆಲ್ಲ ಅವರ ಬಾಯಲ್ಲಿದ್ದವು, ಒಂದೂ ಮನುಷ್ಯರಿಗಲ್ಲ. ಹಮಾಲರಿಗೆ "ಮೂಟೆ ತಬ್ಬಿ ಹಿಡೀರ್ಲಾ" ಎನ್ನುವರು. ಹಸುವಿಗೆ "ಒಂದ್ ತೆಕ್ಕೆ ಹುಲ್ಲು ಹಾಕಿ." ಎಳೆಗರು ಚಳಿಗೆ ನಡುಗಿದರೆ "ಒಸಿ ಅವುಚ್ಕೊಳ್ಲಾ ಅದನ್ನ." ಮಕ್ಕಳ ಪಾಲಿಗೆ ಇದ್ದದ್ದು ಮುದ್ದು ಒಂದೇ, ಅದೂ ಬೈಗುಳವಾಗಿ: "ಮುದ್ದು ಮಾಡಿ ಕೆಡಿಸ್ಬುಟ್ರಿ." ಹೆತ್ತವರ ಎದುರಿಗೆ ತಮ್ಮ ಕೂಸನ್ನು ಎತ್ತಿಕೊಳ್ಳುವುದು ಆ ಮನೆಯ ಗಂಡಸರಿಗೆ ಮರ್ಯಾದೆಗೇಡು. ಮಾವ ನನ್ನ ಗಂಡನನ್ನು ಎತ್ತಿಕೊಂಡದ್ದನ್ನು ತಾವು ಕಂಡೇ ಇಲ್ಲವೆಂದು ಅತ್ತೆ ಬದುಕಿದ್ದಾಗ ಹೇಳುತ್ತಿದ್ದರು. ಇಂಥ ಕಲ್ಲುಮನಸ್ಸಿನವರ ಮನೆಗೆ ಯಾಕಾದರೂ ಕೊಟ್ಟಿರೋ ಎಂದು ನಾನು ಅಮ್ಮನ ಹತ್ತಿರ ಫೋನಿನಲ್ಲಿ ಗೊಣಗುತ್ತಿದ್ದೆ.

ಚೊಚ್ಚಲ ಹೆರಿಗೆಗೆ ಕಲ್ಯಾಣದುರ್ಗದ ತವರಿಗೆ ಹೋದೆ. ಬಿ.ಪಿ. ಏರಿ, ದಿನ ತುಂಬುವ ಮೊದಲೇ ಆಪರೇಷನ್ ಮಾಡಿ ಮಗಳನ್ನು ತೆಗೆದರು. ಅಂಗೈಯಗಲದ ಕೂಸು, ಮೈಯಲ್ಲಿ ಕಾವು ನಿಲ್ಲುತ್ತಿರಲಿಲ್ಲ. ಯಾರಾದರೂ ಬರಿಯೆದೆಗೆ ಅವುಚಿಕೊಂಡೇ ಇರಬೇಕು, ತಣ್ಣಗಾದರೆ ಉಳಿಯುವುದು ಕಷ್ಟ ಎಂದರು ಡಾಕ್ಟರು. ನನಗೆ ಜ್ವರ, ತಲೆ ಎತ್ತಲಾಗದು. ಗಂಡನಿಗೆ ಕೆಮ್ಮು ಎಂದು ನರ್ಸಮ್ಮ ಬಾಗಿಲಲ್ಲೇ ತಡೆದಳು. ಅಮ್ಮ ಒಬ್ಬಳೇ ಎದೆಗೊತ್ತಿಕೊಂಡು ಕೂತು ಕೂತು ತೂಕಡಿಸತೊಡಗಿದಳು. ಕೂಸು ಎಲ್ಲಿ ಜಾರೀತೋ ಎಂದು ನಾನು ಮಲಗಿದಲ್ಲೇ ಬೆವೆತೆ.

ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಮಾವ ಬಂದರು. ಸೊಸೆಯ ಎದುರು ಬನಿಯನ್ನಿನಲ್ಲೂ ಕಾಣಿಸಿಕೊಳ್ಳದ ಮನುಷ್ಯ. ನರ್ಸಮ್ಮ "ಚೊಕ್ಕಾ ವಿಪ್ಪಂಡಿ ತಾತಾ, ಪಾಪನಿ ಗುಂಡೆಕಿ ಹತ್ತುಕೋಂಡಿ" ಎಂದು ತೆಲುಗಿನಲ್ಲಿ, ಅಂಗಿ ತೆಗೆದು ಕೂಸನ್ನು ಎದೆಗವುಚಿಕೊಳ್ಳಲು ಹೇಳಿದಾಗ ಗೋಡೆಯತ್ತ ತಿರುಗಿ ಅಂಗಿ ಬಿಚ್ಚಿದರು. ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ಬೆನ್ನಿಗೆ ಸರಿಸಿ, "ಶಿವಾ, ಒಸಿ ಹಿಂದುಕ್ಕಿರಪ್ಪ" ಎಂದರು. ನಾನು ನಾಚಿ ಕಣ್ಣು ಮುಚ್ಚಿಕೊಂಡೆ. ತೆರೆದಾಗ ಕೂಸಿನ ತಲೆ ಅವರ ಗದ್ದದ ಕೆಳಗಿತ್ತು.

ಅಂದಿನಿಂದ ದಿನವೂ ಹಗಲೆಲ್ಲ ಹಾಗೇ ಕೂತರು. ಮೈ ಕೆರೆದುಕೊಳ್ಳುವುದಕ್ಕೂ ಅಲುಗುತ್ತಿರಲಿಲ್ಲ. ಆಗಾಗ ನನ್ನನ್ನು ಕೇಳುವರು: "ಉಸಿರಾಡ್ತೈತೇನಮ್ಮ? ನಂಗೆ ನನ್ ಎದೆ ಬಡ್ಕೊಳ್ಳೋದೇ ಕೇಳ್ತೈತೆ."

"ಆಡ್ತೈತೆ ಮಾವ" ಎನ್ನುವಾಗ ನನಗೂ ಖಾತ್ರಿ ಇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕೂಸಿನ ತುಟಿ ನೀಲಿಗಟ್ಟಿತು. ನರ್ಸಮ್ಮ ಓಡಿಬಂದು ಬೆನ್ನುಜ್ಜಿ, ಅಂಗಾಲು ತಟ್ಟಿ ಅಳಿಸಿದಳು. ಅಷ್ಟು ಹೊತ್ತೂ ಮಾವ ತೋಳು ಸಡಿಲಿಸಲಿಲ್ಲ. ಆಮೇಲೆ ಅವರಿಗೆ ಅನ್ನ ಸೇರಲಿಲ್ಲ.

ಕೆಮ್ಮು ಇಳಿದ ಮೇಲೆ ನನ್ನ ಗಂಡನನ್ನು ಒಳಗೆ ಬಿಟ್ಟರು. ಅಷ್ಟರಲ್ಲಿ ಮಾವನ ಬೆನ್ನು ಹಿಡಿದುಕೊಂಡು, ತೋಳು ಸೋತು ಇಳಿಯುತ್ತಿತ್ತು. ಇನ್ನು ಕೂಸಿನ ಅಪ್ಪನೇ ಕೂರಲಿ ಎಂದಳು ನರ್ಸಮ್ಮ. ಇವರು ಬಾಗಿಲ ಬಳಿ ನೆಲ ನೋಡುತ್ತ ನಿಂತುಬಿಟ್ಟರು. ತಮ್ಮಪ್ಪ ಹೊರಗೆ ಹೋಗಲಿ, ಆಮೇಲೆ ಎತ್ತಿಕೊಳ್ಳೋಣ ಎಂದು ಕಾಯುತ್ತಿದ್ದಾರೆಂದು ನನಗೆ ತಿಳಿಯಿತು. ಇದ್ದ ಜ್ವರದಲ್ಲೂ ಎದ್ದು ಹೋಗಿ ಇವರನ್ನು ನೂಕಬೇಕೆನಿಸಿತು.

"ನಾನ್ ಎದ್ದೋಗಲ್ಲ ಕಣ್ಲಾ. ನನ್ ಎದುರ್ಗೇ ಎತ್ಕೋ" ಎಂದರು ಮಾವ.

ಇವರು ಕದಲಲಿಲ್ಲ. ಮಾವ ದನಿ ತಗ್ಗಿಸಿದರು.

"ನಮ್ಮಪ್ಪ ಹೊರಕ್ಕೋಗ್ಲಿ ಅಂತ ನಾನೂ ಹಿಂಗೇ ಕಾಯ್ಕೊಂಡ್ ನಿಂತಿದ್ದೆ. ಅಷ್ಟೊತ್ಗೆ ನೀನು ದೊಡ್ಡೋನಾಗ್ಬುಟ್ಟೆ."

ಇವರು ಅಂಗಿಯ ಗುಂಡಿಗೆ ಕೈ ಹಾಕಿದರು.

ಮಗಳು ಈಗ ಶಾಲೆಗೆ ಹೋಗುತ್ತಾಳೆ. ಮಾವ ಹೋದ ವರ್ಷ ತೀರಿಕೊಂಡರು. ಕೊನೆಯ ದಿನ ಉಸಿರಾಟ ಕಷ್ಟವಾದಾಗ ಕೋಣೆಯ ತುಂಬ ನೆಂಟರಿದ್ದರು, ಹಿರಿಯರಿದ್ದರು. ನನ್ನ ಗಂಡ ಮಂಚ ಹತ್ತಿ, ಅಪ್ಪನನ್ನು ಎದೆಗೆ ಒರಗಿಸಿಕೊಂಡು ಕೂತರು. ಅವರೆಲ್ಲ ಹೊರಗೆ ಹೋಗಲಿ ಎಂದು ಕಾಯಲಿಲ್ಲ.