ಎರಡು ಸೌಂಡ್ ಕಾರ್ಡು, ದೊಡ್ಡವ್ವನ ಒಂದು ಹಾಡು

ಕಳೆದ ಭಾನುವಾರ ಒಂದೇ ಹಾಡನ್ನು ಆರು ಸಲ ಹಾಕಿದೆ. ಹಾಡಿನ ಮೇಲಿನ ಪ್ರೀತಿಗಲ್ಲ. ಒಬ್ಬ ಅಂಗಡಿಯವನ ಸುಳ್ಳು ಹಿಡಿಯಬೇಕಿತ್ತು.

ಹಾಡು ನಮ್ಮ ದೊಡ್ಡವ್ವನದು. ಅಂದರೆ ಅವ್ವನ ಅಕ್ಕ, ಈಗಿಲ್ಲ. ನನ್ನ ಮದುವೆಯ ಅರಿಷಿಣ ಬೀಸುವಾಗ ಆಕೆ ಬೀಸುಕಲ್ಲಿನ ಮುಂದೆ ಕೂತು ಹಾಡಿದ್ದನ್ನು, ಹೊಸ ಟೇಪ್ ರೆಕಾರ್ಡರ್ ಕೊಂಡ ಉಮೇದಿನಲ್ಲಿ ನಾನೇ ಕ್ಯಾಸೆಟ್ಟಿಗೆ ಹಿಡಿದಿಟ್ಟಿದ್ದೆ. ಅರ್ಧ ಗಂಟೆಯ ಹಾಡು. ಮನೆದೇವರ ಹೆಸರಿನಿಂದ ಶುರುವಾಗಿ, ಬೀಗರನ್ನು ನಡುನಡುವೆ ಕಾಡಿಸಿ, ಕೊನೆಗೆ ಮದುಮಗಳನ್ನು ಹರಸಿ ಮುಗಿಯುತ್ತದೆ.

ಈಗ ನನ್ನ ಮಗಳ ಮದುವೆ. ಸಿಕಂದರಾಬಾದಿನ ಪಕ್ಕದ ಮಲ್ಕಾಜ್‌ಗಿರಿಯ ನಮ್ಮ ಎರಡನೇ ಮಹಡಿಯ ಮನೆಯಲ್ಲೇ ಅರಿಷಿಣ ಬೀಸುವ ಶಾಸ್ತ್ರ. ಬೀಸುಕಲ್ಲು ಹೇಗೋ ಸಿಕ್ಕಿತು, ಹಾಡುವವರು ಸಿಗಲಿಲ್ಲ. ನೀನೇ ಹಾಡವ್ವ ಅಂದೆ.

"ನನಗ ಹಿಂದ ಹೇಳೋದಷ್ಟ ಬರತೈತಿ. ಮುಂದ ಹೇಳಾಕಿ ಅಕ್ಕ. ಆಕಿ ಹಾಡು ಹಾಕು, ನಾ ಹಿಂದ ಹೇಳತೀನಿ. ನನ್ನ ಮೊಮ್ಮಗಳನ್ನ ಅಕ್ಕ ಹರಸಬೇಕು, ಅಷ್ಟ" ಅಂದಳು ಅವ್ವ.

ಕ್ಯಾಸೆಟ್ ಹಳೆಯದು. ಸ್ಟೇಷನ್ ಹತ್ತಿರದ ರೇಡಿಯೋ ರಿಪೇರಿಯವರಿಗೆ ತೋರಿಸಿದೆ. ಟೇಪನ್ನು ಬೆಳಕಿಗೆ ಹಿಡಿದು, ಉದುರುತ್ತಿದ್ದ ಕಂದು ಪುಡಿ ತೋರಿಸಿ, "ಏಕ್ ದೋ ಬಾರ್ ಚಲೇಗಾ ಸಾಬ್, ಬಸ್" ಅಂದರು. ಇನ್ನು ಒಂದೆರಡು ಸಲ ಓಡೀತು, ಅಷ್ಟರಲ್ಲಿ ಕಂಪ್ಯೂಟರಿಗೆ ಇಳಿಸಿಕೊಂಡುಬಿಡಿ ಎಂಬ ಬುದ್ಧಿವಾದ ಬೇರೆ.

ನಮ್ಮ ಮನೆಯ ಕಂಪ್ಯೂಟರೋ ಮೂಕ. ಅದಕ್ಕೆ ಸೌಂಡ್ ಕಾರ್ಡೇ ಇಲ್ಲ. ಹೊರಟೆ ಸಿಕಂದರಾಬಾದಿಗೆ.

ಅಂಗಡಿಯವನು ಎರಡು ಕಾರ್ಡ್ ಮುಂದಿಟ್ಟ. ಒಂದು ಆರುನೂರು ರೂಪಾಯಿಯದು, ಪ್ಲಾಸ್ಟಿಕ್ ಚೀಲದಲ್ಲಿತ್ತು. ಇನ್ನೊಂದು ಮೂರು ಸಾವಿರದ್ದು. ಅದರ ಡಬ್ಬಿಯ ಮೇಲೆ ಬಂಗಾರದ ಅಕ್ಷರ, ವಯರು ಚುಚ್ಚುವ ತೂತುಗಳಿಗೂ ಬಂಗಾರದ ಬಣ್ಣ. (ಮದುವೆ ಮನೆಯವರು ಬಂಗಾರ ಕಂಡರೆ ಮೆತ್ತಗಾಗುತ್ತಾರೆಂದು ಇವನಿಗೆ ಯಾರು ಹೇಳಿಕೊಟ್ಟರು?)

"ಸುನಿಯೇ ಸಾಬ್, ಜಮೀನ್ ಆಸ್ಮಾನ್ ಕಾ ಫರಕ್", ನೆಲ ಮುಗಿಲಿನಷ್ಟು ಅಂತರ ಎಂದು ಎರಡನ್ನೂ ಹಾಡಿಸಿ ತೋರಿಸಿದ. ಫರಕು ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ದುಬಾರಿ ಕಾರ್ಡಿನ ಸರದಿ ಬಂದಾಗ ಅವನ ಎಡಗೈ ಮೆಲ್ಲಗೆ ಸ್ಪೀಕರಿನ ಗುಂಡಿಯ ಮೇಲೆ ಹೋಗಿದ್ದನ್ನು ನಾನು ನೋಡಿದೆ. ವಾಲ್ಯೂಮ್ ಏರಿಸಿದರೆ ಯಾವ ಕಾರ್ಡ್ ತಾನೇ ಚೆನ್ನಾಗಿ ಹಾಡುವುದಿಲ್ಲ?

ಒಂದು ಗಡಿಗೆ ಕೊಳ್ಳಲು ಹತ್ತು ಗಡಿಗೆ ಬಾರಿಸಿ ನೋಡುವ ಜನ ನಾವು. ಸಂತೆಯಲ್ಲಿ ಬೆರಳಿನ ಗೆಣ್ಣಿನಿಂದ ಟಣ್ ಅನ್ನಿಸಿ, ಕಿವಿಗೊಟ್ಟು, ಕುಂಬಾರನ ಮುಖವನ್ನೂ ಒಮ್ಮೆ ಓದಿ, ಆಮೇಲೆ ಮಾತು. ಈ ಎಡಗೈಯವನನ್ನು ಬಿಡುತ್ತೇನೆಯೇ? ಎರಡಕ್ಕೂ ದುಡ್ಡು ಕೊಟ್ಟೆ. ಬೇಡವಾದದ್ದನ್ನು ಸೋಮವಾರ ವಾಪಸು ತರುತ್ತೇನೆಂದು ಒಪ್ಪಿಸಿದೆ. ಅವನು ಅಷ್ಟು ಸುಲಭಕ್ಕೆ ಒಪ್ಪಿದ್ದೂ ಅನುಮಾನಕ್ಕೆ ಕಾರಣವಾಯಿತು.

ಭಾನುವಾರ ಬೆಳಿಗ್ಗೆ ಸ್ಕ್ರೂಡ್ರೈವರ್ ಹಿಡಿದು ಕೂತೆ. ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ಒಂದು ವಯರು. ಮೊದಲು ಅಗ್ಗದ ಕಾರ್ಡಿನಲ್ಲಿ ಹಾಡಿನ ಮೊದಲ ಎರಡು ನಿಮಿಷ ತುಂಬಿಕೊಂಡೆ. ಆಮೇಲೆ ಕಂಪ್ಯೂಟರ್ ಬಿಚ್ಚಿ, ಕಾರ್ಡ್ ಬದಲಿಸಿ, ಟೇಪನ್ನು ಹಿಂದಕ್ಕೆ ತಿರುಗಿಸಿ, ಅದೇ ಎರಡು ನಿಮಿಷ ದುಬಾರಿಯದರಲ್ಲಿ. ಯಾವುದು ವಾಸಿ ಎಂದು ತೀರ್ಮಾನವಾಗಲಿ, ಪೂರ್ತಿ ಹಾಡನ್ನು ಅದರಲ್ಲೇ ಇಳಿಸೋಣ ಎಂಬುದು ನನ್ನ ಲೆಕ್ಕಾಚಾರ. ತಪ್ಪೇನಿದೆ?

ನನಗೆ ಫರಕು ಗೊತ್ತಾಗಲಿಲ್ಲ. ಯಾವುದು ಯಾವ ಕಾರ್ಡಿನದು ಎಂದು ಹೇಳದೆ ಅವ್ವನಿಗೆ ಕೇಳಿಸಿದೆ. ಆಕೆ ಕಣ್ಣು ಮುಚ್ಚಿಕೊಂಡಳು.

"ಇಲ್ಲಿ ಕೇಳು, ಕಲ್ಲಿನ ಸಪ್ಪಳ ಹಗುರಾತು. ಅಕ್ಕ ಒಂದು ಹಿಡಿ ಅರಿಷಿಣ ಹಾಕಾಕತ್ತಾಳ."

"ಅದಲ್ಲವ್ವ, ಮೊದಲನೇದು ಚಲೋ ಐತೋ ಎರಡನೇದೋ?"

"ಎರಡೂ ಅಕ್ಕನ ದನೀನ ಅಲ್ಲೇನೋ?"

ಇದು ಸಾಕ್ಷಿಯಾಗುತ್ತದೆಯೇ? ನನಗೆ ವಯರಿನ ಮೇಲೆ ಅನುಮಾನ ಬಂತು. ವಯರು ಬದಲಿಸಿ ಅದೇ ಎರಡು ನಿಮಿಷವನ್ನು ಮತ್ತೆ ಎರಡೂ ಕಾರ್ಡಿಗೆ ಹಾಡಿಸಿದೆ. ಆಮೇಲೆ ಅನುಮಾನ ಸ್ಪೀಕರಿನ ಮೇಲೆ ಬಂತು. ಪಕ್ಕದ ಮನೆಯಿಂದ ಹೆಡ್‌ಫೋನ್ ತಂದು ಐದನೇ ಸಲ ಹಾಡಿಸಿದೆ. "ಎಷ್ಟ ಸಲ ಹಾಕತೀಯೋ ಅದನ್ನ, ಸವದು ಹೋದೀತು" ಎಂದು ಅವ್ವ ಒಳಗಿನಿಂದ ಕೂಗಿದಳು. ಒಂದೇ ನಿಮಿಷ ಅಂದೆ. ನನಗಾಗ ಹಾಡು ಕೇಳಿಸುತ್ತಲೇ ಇರಲಿಲ್ಲ. ಅಂಗಡಿಯವನ ಎಡಗೈಯೇ ಕಣ್ಣ ಮುಂದೆ.

ಆರನೇ ಸಲ, ಹಾಡಿನ ನಡುಭಾಗದಲ್ಲಾದರೂ ಫರಕು ಸಿಕ್ಕೀತು ಎಂದು ಟೇಪನ್ನು ಜೋರಾಗಿ ಮುಂದಕ್ಕೆ ಓಡಿಸಿದೆ. ಕಿರ್ ಎಂದು ನಿಂತಿತು. ಮುಚ್ಚಳ ತೆಗೆದರೆ ಟೇಪು ಒಳಗಿನ ರೋಲರಿಗೆ ಸುತ್ತಿಕೊಂಡು ಕೂತಿದೆ. ಗಾಬರಿಯಲ್ಲಿ ಎಳೆದೆ. ಎಳೆದಷ್ಟೂ ಬಂತು, ಅಲ್ಲಲ್ಲಿ ಕಡಿಯಿತು, ಮುದುಡಿದ ಶಾವಿಗೆಯ ಹಾಗೆ ನನ್ನ ಮಡಿಲಲ್ಲಿ ಬಿತ್ತು. ಕೈತುಂಬ ಕಂದು ಪುಡಿ.

ರೇಡಿಯೋ ರಿಪೇರಿಯವರು ಸಂಜೆಯವರೆಗೆ ಕೂತು ತುಂಡುಗಳನ್ನು ಅಂಟಿಸಿ ಹಾಡಿಸಿದರು. ಬರೀ ಸರ್ ಎಂಬ ಸದ್ದು. ಎಷ್ಟು ಸಲ ಹಾಕಿದಿರಿ ಎಂದು ಕೇಳಿದರು. ನಾನು ದುಡ್ಡೆಷ್ಟಾಯಿತು ಎಂದೆ.

ಅಂಗಡಿಯವನ ವಿಷಯದಲ್ಲಿ ನನ್ನ ಅನುಮಾನ ಸರಿಯಾಗಿಯೇ ಇತ್ತು ಅನ್ನಿ. ನಮ್ಮಂಥ ಕಿವಿಗಳಿಗೆ, ಇಂಥ ಹಳೇ ಕ್ಯಾಸೆಟ್ಟಿಗೆ, ಮೂರು ಸಾವಿರದ ಕಾರ್ಡ್ ಖಂಡಿತ ಬೇಡ. ಬೇಕಾದವರು ಈ ಮಾತನ್ನು ಬರೆದಿಟ್ಟುಕೊಳ್ಳಬಹುದು.

ಮನೆಗೆ ಬಂದು ಅವ್ವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಉಳಿದದ್ದನ್ನು ಹಾಕು ಅಂದಳು. ಅಗ್ಗದ ಕಾರ್ಡಿನ ಎರಡು ನಿಮಿಷ ಹಾಕಿದೆ. ದುಬಾರಿ ಕಾರ್ಡಿನ ಎರಡು ನಿಮಿಷ ಹಾಕಿದೆ. ಎರಡರಲ್ಲೂ ಮನೆದೇವರ ಹೆಸರು ಮುಗಿಯುವ ಮೊದಲೇ ದೊಡ್ಡವ್ವನ ದನಿ ಗಕ್ಕನೆ ನಿಂತಿತು.

ಅವ್ವ ಕೇಳಿದಳು: "ಹುಡುಗೀನ ಹರಸೋದು ಯಾವ ಕಾರ್ಡಿನಾಗ ಐತೋ?"