ದಳಪತಿಯ ಕೈ ಹೋದ ಕತೆ

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮೂವರು ಗಂಡಸರು ನಮ್ಮ ಮಾಳಿಗೆಯ ಕೋಣೆಗೆ ಹತ್ತಿ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಬ್ಬರು ನಮ್ಮ ಯಜಮಾನರು. ಮಂಗಸೂಳಿ ಕಡೆಯ ನಮ್ಮ ಕಬ್ಬು, ದ್ರಾಕ್ಷಿ ನೋಡಿಕೊಳ್ಳುವವರು ಅವರೇ. ಎರಡನೆಯವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಸರ್. ಮೂರನೆಯವರು ಅಥಣಿ ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟವರು. ನಾನು ಕಾಗವಾಡದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ವಾರವೆಲ್ಲ ಮಕ್ಕಳನ್ನು ಸಂಭಾಳಿಸಿ ಬಂದವಳಿಗೆ ಭಾನುವಾರ ಮತ್ತೆ ಮೂರು ಮಕ್ಕಳು, ಅವೂ ಹೊಟ್ಟೆ ಬಂದ ಮಕ್ಕಳು.

ಅವರು ನೋಡುತ್ತಿದ್ದದ್ದು ಹಿಂದಿಗೆ ಡಬ್ ಆದ ಒಂದು ವಿದೇಶಿ ಧಾರಾವಾಹಿ. ನೀರಿಲ್ಲದ ಎರಡು ಗ್ರಹಗಳು ನೀರಿರುವ ಮೂರನೆಯ ಗ್ರಹಕ್ಕಾಗಿ ವರ್ಷಗಟ್ಟಲೆ ಬಡಿದಾಡುವ ಕತೆ. ಅದರಲ್ಲೊಬ್ಬ ದಳಪತಿ ಇದ್ದ. ಅವನ ಬಲಗೈ ಕಬ್ಬಿಣದ್ದು. ಯಾರನ್ನಾದರೂ ಕೊಲ್ಲುವ ಮುಂಚೆ ಅವನು ಆ ಕೈಯನ್ನು ಎದೆಗೆ ಒಂದು ಸಲ ಬಡಿದುಕೊಳ್ಳುತ್ತಿದ್ದ. ಔಷಧಿ ಅಂಗಡಿಯವರು ಮನೆಗೆ ಹೊರಡುವಾಗ ಸ್ಕೂಟರಿನ ಮೇಲೆ ಕೂತು ಹಾಗೆಯೇ ಎದೆ ಬಡಿದುಕೊಂಡು ತೋರಿಸುತ್ತಿದ್ದರು. ಜ್ವರ ಬಂದ ಕೂಸಿಗೆ ಔಷಧಿ ಕೊಡುವ ಮನುಷ್ಯ ಇವರೇನಾ ಎಂದು ನನಗೆ ಭಯವಾಗುತ್ತಿತ್ತು.

ಧಾರಾವಾಹಿ ಒಂದು ದಿನ ಮುಗಿಯಿತು. ಕೊನೆಯ ವಾರ ದಳಪತಿ ಸತ್ತ. ಮೂವರೂ ಚಹಾ ಕುಡಿಯದೆ ಕೂತಿದ್ದರು. ಇಲ್ಲಿಗೆ ಪೀಡೆ ಕಳೆಯಿತೆಂದು ನಾನು ಆ ಕೋಣೆಯಲ್ಲಿ ಮತ್ತೆ ಒಣದ್ರಾಕ್ಷಿ ಬೇದಾಣಿಯ ಡಬ್ಬ ಇಡಿಸುವ ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಸರ್ ಒಂದು ಭಾನುವಾರ ಚಪ್ಪಲಿ ಕಳೆಯುವ ಮೊದಲೇ ಹೇಳಿದರು: "ಅದರ ಹಿಂದಿನ ಕತಿ ಬರಾಕತ್ತೈತಿ. ನೆಟ್ಟಿನ್ಯಾಗ ಓದಿ ಬಂದೀನಿ. ಯುದ್ಧ ಸುರು ಆಗೂಕಿಂತ ಮೊದಲಿಂದು. ದಳಪತಿದು ಕೈ ಹೆಂಗ ಹೋತು ಅನ್ನೂದೂ ತೋರಸ್ತಾರಂತ."

ಅಲ್ಲಿಂದ ಮುಂದೆ ಒಂದು ವರ್ಷದ ಮಟ್ಟಿಗೆ ಆ ಕೋಣೆಯಲ್ಲಿ ಬೇರೆ ಮಾತಿರಲಿಲ್ಲ. ಸರ್ ಪ್ರಕಾರ ದಳಪತಿ ಶತ್ರು ರಾಜನ ದರ್ಬಾರಿನಲ್ಲಿ ಪ್ರತಿಜ್ಞೆ ಮಾಡಿ ತನ್ನ ಕೈ ತಾನೇ ಕಡಿದುಕೊಂಡಿದ್ದ. ಔಷಧಿ ಅಂಗಡಿಯವರ ಪ್ರಕಾರ ಸೆರೆಮನೆಯ ಬೇಡಿಯಿಂದ ಬಿಡಿಸಿಕೊಳ್ಳಲು ಕಡಿದುಕೊಂಡಿದ್ದ. ಕಡಿದುಕೊಂಡದ್ದರಲ್ಲಿ ಇಬ್ಬರಿಗೂ ಒಮ್ಮತವಿತ್ತು, ಎಲ್ಲಿ ಎಂಬುದಕ್ಕೆ ಜಗಳ. ಈ ಜಗಳದಲ್ಲಿ ಅವರು ಕೆಲವು ವಾರ ಮಾತು ಬಿಟ್ಟರು. ಆಗ ಸರ್ ರಕ್ತದೊತ್ತಡದ ಗುಳಿಗೆಯನ್ನು ಚಿಕ್ಕೋಡಿಯಿಂದ ತರಿಸಿಕೊಂಡರೆಂದು ನನಗೆ ಆಮೇಲೆ ತಿಳಿಯಿತು. ನಮ್ಮ ಯಜಮಾನರು ಮಾತ್ರ, "ಯಾವುದಾರ ದೊಡ್ಡ ಯುದ್ಧದಾಗ ಹೋಗಿರಬೇಕು ಬಿಡ್ರಿ," ಎಂದು ಇಬ್ಬರಿಗೂ ಚಹಾ ತರಿಸುತ್ತಿದ್ದರು.

ರಾಜಿಯಾದ ಮೇಲೆ ಮೂವರ ಹೆಸರಿನಲ್ಲಿ ಸರ್ ಆ ಧಾರಾವಾಹಿ ಮಾಡುವವರಿಗೆ ಇಂಗ್ಲಿಷಿನಲ್ಲಿ ಈಮೇಲ್ ಕಳಿಸಿದರು. ಹಳೆಯ ಆಕಾಶಹಡಗುಗಳೇ ಇರಬೇಕು, ದಳಪತಿಗೆ ಹೆಂಡತಿ ಇರಬಾರದು, ಅವನು ಎಲ್ಲಿಯೂ ಅಳಬಾರದು. ನಾನು ಚಹಾದ ಕಪ್ಪು ಒಯ್ಯಲು ಹೋದವಳು ಕೇಳಿದೆ, "ಎಲ್ಲಾ ನೀವ ಹೇಳಿ ಮುಗಿಸೀರಲ್ರಿ ಸರ್. ಇನ್ನ ಅವರು ತೋರ್ಸೂದು ಏನ್ ಉಳೀತು?"

"ಅವರು ಸರಿ ತೋರಸ್ತಾರೋ ಇಲ್ಲೋ ಅಂತ ನೋಡಬೇಕಲ್ರಿ ವೈನಿ. ನಿಮಗ ಅದು ತಿಳಿಯೂದಿಲ್ಲ."

ನನಗೆ ಚೆನ್ನಾಗಿಯೇ ತಿಳಿಯಿತು. ತಾವು ಹೇಳಿಕೊಟ್ಟದ್ದನ್ನೇ ಗಿಳಿ ಹೇಳಿದರೆ ಚಪ್ಪಾಳೆ ತಟ್ಟುವ ಜಾತಿಯ ಜನ ಇವರು.

ಹಿಂದಿನ ಕತೆಯ ಮೊದಲ ಕಂತು ಬಂದ ದಿನ ನಮ್ಮ ಮನೆಯಲ್ಲಿ ಮದುವೆಯ ಸಡಗರ. ಅಥಣಿಯಿಂದ ಇನ್ನೂ ನಾಲ್ಕು ಜನ ಬಂದಿದ್ದರು. ನಾನು ಮಿರ್ಚಿ ಭಜಿ ಕರಿದು ಕರಿದು ಮೇಲೆ ಕಳಿಸಿದೆ. ಕೆಳಗಿನ ಟಿವಿ ಕೆಟ್ಟಿದ್ದರಿಂದ ನಮ್ಮ ಅತ್ತೆಯೂ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು ಗೋಡೆಗೆ ಒರಗಿ ಕೂತರು. ಅತ್ತೆಯ ತವರು ಮಿರಜ ಕಡೆ, ಹಿಂದಿ ಅವರಿಗೆ ತಿಳಿಯುತ್ತದೆ. ಒಲೆ ಆರಿಸಿ ನಾನೂ ಹೋಗಿ ಅವರ ಪಕ್ಕ ಕೂತೆ.

ಹಡಗು ಬರಲಿಲ್ಲ. ಯುದ್ಧ ಬರಲಿಲ್ಲ. ಕೆಂಪು ಧೂಳಿನ ಬಯಲು, ಅದರ ನಡುವೆ ಒಂದು ಮನೆ, ಮನೆಯಲ್ಲಿ ಗಂಡ ಸತ್ತ ಒಬ್ಬ ಹೆಂಗಸು. ಆ ಗ್ರಹದಲ್ಲಿ ನೀರಿಲ್ಲವಲ್ಲ, ಒಂದು ಜಾತಿಯ ದಂಟನ್ನು ಹಿಂಡಿ ಅದರ ರಸ ಕುಡಿಯುತ್ತಾರೆ. ಆಕೆಯದು ದಂಟು ಹಿಂಡುವ ಯಂತ್ರ, ನಮ್ಮ ಕಬ್ಬಿನ ಗಾಣದ ಹಾಗೆಯೇ. ಆಕೆಯ ಸಣ್ಣ ಮಗ ಯಂತ್ರದ ಬಾಯಿಗೆ ದಂಟು ಕೊಡುತ್ತ ಕೂತಿರುತ್ತಾನೆ. ಯಾರೋ ಕರೆದರೆಂದು ಅವನು ಅತ್ತ ತಿರುಗುತ್ತಾನೆ, ಕೈ ಒಳಗೆ ಹೋಗುತ್ತದೆ. ತಾಯಿ ಯಂತ್ರ ನಿಲ್ಲಿಸಲು ಓಡುತ್ತಾಳೆ. ಅಷ್ಟೇ. ದಳಪತಿಯ ಕೈ ಹೋದದ್ದು ಹಾಗೆ.

ಮೊದಲು ನಕ್ಕವರು ಔಷಧಿ ಅಂಗಡಿಯವರು. ಸರ್ ಎದ್ದು ನಿಂತರು. "ಏನ್ರಿ ಇದು? ಇಂಥಾ ದಳಪತಿ, ಗಾಣದಾಗ ಕೈ ಕೊಟ್ಟ ಆಳಿನ ಹಂಗ? ಹೆಂಗಸರ ಸೀರಿಯಲ್ ಆತಲ್ಲ ಇದು."

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. "ನಮ್ಮ ಗಾಣದಾಗೂ ಹಿಂಗ ಆಗಿತ್ತಪ್ಪಾ," ಅಂದರು. "ಕಬ್ಬ ಕೊಡಾಂವಂದು. ಇಂಜಿನ್ ಬಂದ್ ಮಾಡೂದ್ರಾಗ ಮೊಣಕೈ ತನಾ ಹೋಗಿತ್ತು. ಈಗೂ ದೀಪಾವಳಿಗಿ ಬರತಾನ, ಎಡಗೈಲೆ ಉಂಡು ಹೋಗತಾನ."

"ಆಯಿ, ಅದು ಬ್ಯಾರೆ, ಇದು ಬ್ಯಾರೆ," ಅಂದರು ಸರ್.

"ಏನ್ ಬ್ಯಾರೆ?" ಅತ್ತೆ ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದ್ದರು. ಸರ್ ಒಂದು ಭಜಿ ಎತ್ತಿ ಬಾಯಿಗೆ ಹಾಕಿಕೊಂಡರು. ನಮ್ಮ ಯಜಮಾನರು ತೋಟಕ್ಕೆ ಕರೆಂಟು ಬಂದಿರಬೇಕು, ಮೋಟರು ಚಾಲೂ ಮಾಡಿ ಬರುತ್ತೇನೆಂದು ಕೆಳಗಿಳಿದು ಹೋದರು. ಕಂತು ಮುಗಿಯುವವರೆಗೂ ಬರಲಿಲ್ಲ.

ಮುಂದಿನ ವಾರದಿಂದ ಮಾಳಿಗೆಯ ಕೋಣೆ ನಮ್ಮಿಬ್ಬರದಾಯಿತು. ಗಂಡಸರು ಭಾನುವಾರ ಬರುವುದನ್ನೇನೂ ಬಿಡಲಿಲ್ಲ. ಅಂಗಳದ ಕಟ್ಟೆಯ ಮೇಲೆ ಕೂತು, ಮೇಲೆ ನಡೆಯುತ್ತಿರುವ ಕಂತನ್ನು ನೋಡದೆಯೇ ಬೈಯುತ್ತಿದ್ದರು. ಸರ್ ವಾರಕ್ಕೊಮ್ಮೆ ನೆಟ್ಟಿನಲ್ಲಿ ಇಂಗ್ಲಿಷಿನಲ್ಲಿಯೂ ಬೈದು ಬರುತ್ತಿದ್ದರು. ಬ್ರೆಜಿಲ್ ದೇಶದ ಒಬ್ಬ ತಮ್ಮ ಬೈಗುಳವನ್ನು ಒಪ್ಪಿದ್ದಾನೆಂದು ಹೇಳುವಾಗ ಅವರ ಮುಖದಲ್ಲಿದ್ದ ಕಳೆ, ಅವರ ವಿದ್ಯಾರ್ಥಿ ಪಾಸಾದಾಗಲೂ ನಾನು ಕಂಡಿಲ್ಲ. ಮೇಲೆ ಅತ್ತೆ ಆ ತಾಯಿಗೆ ಬುದ್ಧಿ ಹೇಳುತ್ತಿದ್ದರು. "ಮೈದುನನ್ನ ನಂಬಬ್ಯಾಡ ಬೇ," ಅನ್ನುತ್ತಿದ್ದರು. ಆಕೆ ನಂಬಿದಳು, ಯಂತ್ರ ಮೈದುನನ ಪಾಲಾಯಿತು. ಒಂದು ಕೈಯ ಹುಡುಗನನ್ನು ಕರೆದುಕೊಂಡು ಆಕೆ ಊರು ಬಿಟ್ಟು ಹೊರಟಳು. ಅಲ್ಲಿಗೆ ಧಾರಾವಾಹಿ ನಿಂತಿತು. ನೋಡುವವರಿಲ್ಲವೆಂದು ಮಾಡುವುದನ್ನೇ ಬಿಟ್ಟಿದ್ದರು.

ಸರ್ ಪೇಢೆ ತಂದರು. ನಿಜವಾಗಿ ಪೇಢೆ. "ಬಂದ್ ಮಾಡಿಸಿದ್ವಿ ನೋಡ್ರಿ ವೈನಿ. ನಾವು ಅಭಿಮಾನಿಗಳು ಅಂದ್ರ ಏನ್ ತಿಳದಿದ್ರು?"

ಅತ್ತೆ ಕೇಳಿದರು, "ಮತ್ತ ಆ ತಾಯಿ ಮಗಾ ಎಲ್ಲಿ ಹೋಗಿ ಮುಟ್ಟಿದ್ರು?"

"ದಾರ್‍ಯಾಗ ಉಳದ್ರು, ಆಯಿ," ಎಂದು ಔಷಧಿ ಅಂಗಡಿಯವರು ನಕ್ಕರು. ಅತ್ತೆ ಕೈಯಲ್ಲಿದ್ದ ಪೇಢೆಯನ್ನು ತಾಟಿನಲ್ಲಿ ತಿರುಗಿ ಇಟ್ಟು ಒಳಗೆ ಹೋದರು.

ಅವತ್ತು ಸಂಜೆ ದ್ರಾಕ್ಷಿ ತೋಟದಲ್ಲಿ ನಾನು ಯಜಮಾನರನ್ನು ಚುಚ್ಚಿದೆ. "ಗೆದ್ರಿ ಬಿಡ್ರಿ ನೀವು."

ಅವರು ಒಂದು ಬಳ್ಳಿಯನ್ನು ತಂತಿಗೆ ಕಟ್ಟುತ್ತಿದ್ದರು. "ನಾ ಒಂದಿನಾನೂ ಅದನ್ನ ಬೈದಿಲ್ಲ," ಅಂದರು. "ನನಗ ನೋಡಾಕ ಆಗಲಿಲ್ಲ. ಅವ್ವ ಹೇಳಿದ್ಲಲ್ಲ, ಆ ಕಬ್ಬ ಕೊಡಾಂವ, ಅವನ್ನ ಆವತ್ತ ಕರದಾಂವ ನಾನ. ಬುಗುರಿ ಆಡೂದು ತೋರ್ಸಾಕ. ಸಣ್ಣಾಂವ ಇದ್ನಿ." ಮತ್ತೆ ಬಳ್ಳಿಗೆ ಕೈ ಹಾಕಿದರು. ನಾನೂ ಒಂದು ಸುತಳಿ ತುಂಡು ತೆಗೆದುಕೊಂಡು ಮುಂದಿನ ಬಳ್ಳಿ ಕಟ್ಟಿದೆ. ಮೂವರ ಮೇಲಿದ್ದ ನನ್ನ ತಾತ್ಸಾರ ಆವತ್ತಿನಿಂದ ಇಬ್ಬರ ಮೇಲೆ ಬಂತು. ಇಬ್ಬರ ಪಾಲಿಗೆ ಅದೇನೂ ಕಡಿಮೆಯಾಗಲಿಲ್ಲ.

ಏಳೆಂಟು ವರ್ಷ ಕಳೆದವು. ಎಲ್ಲರ ಕೈಯಲ್ಲೂ ಫೋನು, ಫೋನಿನಲ್ಲೇ ಸಿನಿಮಾ. ಸರ್ ನಿವೃತ್ತರಾಗಿದ್ದರು. ಒಂದು ಮಧ್ಯಾಹ್ನ ಬಂದು ಅಂಗಳದ ಕಟ್ಟೆಯ ಮೇಲೆ ಕೂತು ಫೋನು ತೆಗೆದರು.

"ವೈನಿ, ಆ ಹಿಂದಿನ ಕತಿ ನೆನಪೈತೇನ್ರಿ? ಈಗ ಜಗತ್ತೆಲ್ಲಾ ಅದನ್ನ ಹೊಗಳಾಕತ್ತೈತಿ. ಮೂಲ ಕತಿಕಿಂತ ಇದ ಛಲೋ ಅಂತಾರ. ಆ ಗಾಣದ ಸೀನ್ ನೋಡ್ರಿ, ಎಂಥಾ ಮಾತು ಅದು. ಆಗ ಮಂದಿಗಿ ತಿಳೀಲಿಲ್ಲ."

"ಯಾವ ಮಂದಿಗ್ರಿ ಸರ್?"

"ಇಲ್ಲಿ ಮಂದಿಗೇ. ನಮ್ಮ ಕಡೆ ಮಂದಿಗಿ ಹಡಗು, ಬೆಂಕಿ, ಹೊಡದಾಟ ಬೇಕಲ್ಲ." ಅವರ ಕಣ್ಣಿನಲ್ಲಿ ಕಳ್ಳತನವಿರಲಿಲ್ಲ. ಪೇಢೆ ತಂದದ್ದು ಅವರಿಗೆ ನಿಜವಾಗಿಯೂ ಮರೆತುಹೋಗಿತ್ತು. ಅಂದು ಬೈಯುವವರಿದ್ದರು, ಬೈದರು. ಇಂದು ಹೊಗಳುವವರಿದ್ದಾರೆ, ಹೊಗಳುತ್ತಾರೆ.

ಅತ್ತೆ ಅಲ್ಲೇ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದರು. ಸರ್ ಫೋನನ್ನು ಅವರ ಮುಖದ ಹತ್ತಿರ ಹಿಡಿದರು. "ಆಯಿ, ನೋಡ್ರಿ. ಇದರಾಗ ಆ ತಾಯಿ ಮನಸ್ಸಿನ್ಯಾಗ ಏನೈತಿ ಅನ್ನೂದನ್ನ ನಿಮಗ ತಿಳಿಸಿ ಹೇಳತೀನಿ."

"ನಾ ನೋಡೇನಪ್ಪಾ," ಅಂದರು ಅತ್ತೆ. "ಬೆಳಕಿಗಿ ಅಡ್ಡ ಬಂದಿ, ಸ್ವಲ್ಪ ಸರಿ."

ಸರ್ ಸರಿದರು. ಆದರೂ ತಿಳಿಸಿ ಹೇಳುವುದನ್ನು ಬಿಡಲಿಲ್ಲ.