ಬೆಟ್ಟದ ಕೆಂಪು ಕಡ್ಡಿಗಳ ಅಂಗಾರಣ್ಣ

ಒಮಾನಿನ ಕನ್ನಡಿಗರಲ್ಲಿ ಕಚೇರಿ, ವ್ಯಾಪಾರ, ವೈದ್ಯಕೀಯಗಳಲ್ಲಿ ಹೆಸರು ಮಾಡಿದವರು ಹಲವರಿದ್ದಾರೆ. ಆದರೆ ಗಿಡ ಸವರುವ ಕತ್ತರಿಯೊಂದನ್ನೇ ನಂಬಿ ಹನ್ನೆರಡು ವರ್ಷ ದುಡಿದು, ಇಂಗ್ಲೆಂಡಿನಿಂದ ಬಂದ ತೋಟಗಾರರಿಂದಲೂ ಮೆಚ್ಚುಗೆ ಪಡೆದವರು ಶ್ರೀ ಅಂಗಾರ ಅವರು. ಚಳಿಗಾಲದಲ್ಲಿ ಎಲೆಯೆಲ್ಲ ಉದುರಿಸಿ, ಬರಿಯ ಕಡ್ಡಿಗಳ ಬಣ್ಣದಿಂದಲೇ ತೋಟವನ್ನು ಬೆಳಗುವ ಪೊದೆಗಿಡಗಳ ವಿಷಯದಲ್ಲಿ ನಮ್ಮ ಕಂಪನಿಯಲ್ಲಿ ಅವರ ಮಾತೇ ಕೊನೆಯ ಮಾತು. ಈ 1999ರ ಮಾರ್ಚಿಗೆ ಅರವತ್ತು ತುಂಬಿ ಅವರು ನಿವೃತ್ತರಾಗುತ್ತಿರುವಾಗ, ಹತ್ತು ವರ್ಷ ಕಾಗದದ ಮೇಲೆ ಅವರ ಮೇಲ್ವಿಚಾರಕಿಯೂ ನಿಜದಲ್ಲಿ ಶಿಷ್ಯೆಯೂ ಆಗಿದ್ದ ನೀರಜಾ ಅವರು ಕಂಡು ದಂಗಾದ ಸಂಗತಿಯೊಂದನ್ನು ಇಲ್ಲಿ ದಾಖಲಿಸುವುದು ಉಚಿತ.

ಕಾರ್ಕಳದ ಹತ್ತಿರದ ಹಳ್ಳಿಯವರಾದ ಅಂಗಾರ ಅವರು 1981ರಲ್ಲಿ ಮಸ್ಕತ್ತಿನ ಅಲ್ ಅಜೈಬಾದ ನಮ್ಮ ಸಸ್ಯಪಾಲನಾ ಕೇಂದ್ರಕ್ಕೆ ನೀರು ಹಾಯಿಸುವ ಕೂಲಿಯಾಗಿ ಬಂದರು. ಐದು ವರ್ಷದ ಮೇಲೆ ಜೆಬೆಲ್ ಅಖ್ದರ್ ಬೆಟ್ಟದ ಅತಿಥಿಗೃಹವೊಂದಕ್ಕೆ ತೋಟ ಮಾಡುವ ಕೆಲಸ ಕಂಪನಿಗೆ ಸಿಕ್ಕಿತು. ಕೆಳಗೆ ಮಸ್ಕತ್ತು ಕಾದ ಕಾವಲಿಯಂತಿದ್ದರೂ ಆ ಎತ್ತರದಲ್ಲಿ ಜನವರಿಗೆ ಕೈ ಮರಗಟ್ಟುವ ಚಳಿ. ಅದನ್ನು ಕಂಡ ತೋಟದ ವಿನ್ಯಾಸಕಿ, ಇಂಗ್ಲೆಂಡಿನ ಜೇನ್ ತಮ್ಮ ಊರಿನಿಂದ ಎರಡು ಬಗೆಯ ಗಿಡಗಳನ್ನು ತರಿಸಿದರು: ಒಂದರ ಕಡ್ಡಿ ಕುಂಕುಮದಷ್ಟು ಕೆಂಪು, ಇನ್ನೊಂದರದು ಎಳೆ ಹಸಿರು. ಅವುಗಳ ಇಂಗ್ಲಿಷ್ ಹೆಸರು ನಾಲಗೆಗೆ ಹತ್ತದೆ ನಮ್ಮವರು 'ಕೆಂಪುಕಡ್ಡಿ', 'ಹಸಿರುಕಡ್ಡಿ' ಎಂದೇ ಕರೆದರು.

ಮರುವರ್ಷ ಮಾರ್ಚಿನಲ್ಲಿ ಜೇನ್, ಆಳೆತ್ತರ ಬೆಳೆದಿದ್ದ ಆ ಗಿಡಗಳನ್ನೆಲ್ಲ ನೆಲದಿಂದ ಒಂದು ಗೇಣು ಬಿಟ್ಟು ಕತ್ತರಿಸಿಬಿಡಿ ಎಂದಾಗ ಆಳುಗಳು ಬೆಪ್ಪಾದರು. ಹೊಸ ಚಿಗುರಿಗೆ ಮಾತ್ರ ಬಣ್ಣ, ಹಳೆಯ ಕಡ್ಡಿ ಬೂದಿಬಣ್ಣಕ್ಕೆ ತಿರುಗುತ್ತದೆ ಎಂದು ಆಕೆ ಹೇಳಿದರೂ ಯಾರೂ ಮುಂದೆ ಬರಲಿಲ್ಲ. ಕೊನೆಗೆ ಕತ್ತರಿ ಹಿಡಿದವರು ಅಂಗಾರ. ಅಂದಿನಿಂದ ಆ ಗಿಡಗಳು ಅವರ ಪಾಲಿಗೆ ಬಂದವು.

ಮಂಡ್ಯದ ಕಡೆಯ ಕೃಷಿ ಪದವೀಧರೆ ನೀರಜಾ ಮದುವೆಯಾಗಿ ಮಸ್ಕತ್ತಿನ ದಾರ್ಸೈಟ್‌ಗೆ ಬಂದು 1989ರಲ್ಲಿ ಕೆಲಸಕ್ಕೆ ಸೇರಿದರು. ವಾರಕ್ಕೊಮ್ಮೆ ಕಾರಿನಲ್ಲಿ ಬೆಟ್ಟ ಹತ್ತಬೇಕು. ಬಸುರಿಯಾಗಿದ್ದ ವರ್ಷ ಆ ತಿರುವುಗಳಲ್ಲಿ ಅವರ ಹೊಟ್ಟೆ ತೊಳಸುತ್ತಿತ್ತು. ಜೊತೆಗಿರುತ್ತಿದ್ದ ಅಂಗಾರಣ್ಣ ಅಂಗಿಯ ಜೇಬಿನಿಂದ ಒಣಗಿದ ಕಪ್ಪು ನಿಂಬೆಯನ್ನು ತೆಗೆದು ಮೂಸಲು ಕೊಡುತ್ತಿದ್ದರು. ಆ ಏಳು ತಿಂಗಳಲ್ಲಿ ಒಮ್ಮೆಯೂ ಜೇಬು ಖಾಲಿಯಿರಲಿಲ್ಲ.

ಪ್ರತಿವರ್ಷ ಪೂರ್ತಿ ಕತ್ತರಿಸಿದರೆ ಬೇಸಿಗೆಯ ಬಿಸಿಲಿಗೆ ಬುಡ ಸೊರಗುತ್ತದೆಂದು ತಿಳಿದ ಮೇಲೆ, ಬಣ್ಣ ಮಾಸಿದ ಹಳೆಯ ಕಡ್ಡಿಗಳನ್ನಷ್ಟೇ ಆರಿಸಿ ತೆಗೆಯುವ ಕ್ರಮ ಬಂತು. ಮೂರರಲ್ಲೊಂದು ಪಾಲು ಮಾತ್ರ ಹೋಗಬೇಕು. ಆ ಆಯ್ಕೆಯಲ್ಲಿ ಅಂಗಾರಣ್ಣ ತಪ್ಪಿದ್ದೇ ಇಲ್ಲ.

1993ರ ಫೆಬ್ರವರಿಯ ಒಂದು ಮುಂಜಾನೆ. ನೆಡಲು ಕತ್ತರಿಸಿದ ಕಡ್ಡಿಗಳ ಕಟ್ಟುಗಳು ತೊಟ್ಟಿಯ ಪಕ್ಕ ಬಿದ್ದಿದ್ದವು. ಕಟ್ಟು ಕಟ್ಟಿ ವಿಂಗಡಿಸುತ್ತಿದ್ದ ತುಕ್ರ ರಜೆಯ ಮೇಲೆ ಊರಿಗೆ ಹೋಗಿದ್ದ.

"ಅಂಗಾರಣ್ಣ, ಕೆಂಪು ಕಟ್ಟು ಕೊಡಿ" ಎಂದರು ನೀರಜಾ.

ಅವರು ಹಸಿರಿನದನ್ನು ಕೊಟ್ಟರು. ನೀರಜಾ ನಕ್ಕು ಮತ್ತೆ ಕೇಳಿದರು. ಮತ್ತೊಂದು ಹಸಿರು ಕಟ್ಟು ಬಂತು.

"ತಮಾಷೆ ಮಾಡ್ತಿದೀರಾ? ಕೆಂಪು ಅಂದ್ರೆ ಕೆಂಪು!"

ಅಂಗಾರಣ್ಣ ಮೂರನೆಯ ಕಟ್ಟಿಗೆ ಕೈ ಹಾಕಿ, ಅಲ್ಲಿಯೇ ನಿಲ್ಲಿಸಿದರು.

"ಬೈಯಬೇಡಿ ಅಮ್ಮ. ನನಗೆ ಎರಡೂ ಒಂದೇ ಕಾಣುವುದು. ಹುಟ್ಟಿದಂದಿನಿಂದ ಹಾಗೆಯೇ."

ನೀರಜಾ ತೊಟ್ಟಿಯ ಕಟ್ಟೆಯ ಮೇಲೆ ಕುಳಿತರು. ಎದುರಿಗೆ ಆ ಮನುಷ್ಯನೇ ಆರು ವರ್ಷ ಸಾಕಿದ ಗಿಡಗಳು ಸಾಲುಸಾಲಾಗಿ ಕೆಂಡದಂತೆ ನಿಂತಿದ್ದವು. ಅದನ್ನು ನೋಡಲು ದೊಡ್ಡ ದೊಡ್ಡವರು ಕಾರು ಹತ್ತಿ ಬರುತ್ತಿದ್ದರು. ಸಾಕಿದವರಿಗೇ ಅದು ಕಾಣುತ್ತಿರಲಿಲ್ಲ.

"ಮತ್ತೆ ಮಾಸಿದ್ದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?" ಎಂದು ಆಕೆ ಕೇಳಿದರು.

ಅಂಗಾರಣ್ಣ ಹೇಳಿದರು. ಮೊದಲ ವರ್ಷ ಕರುಣೆ ಬಂದು ಒಂದು ಗಿಡವನ್ನು ಜೇನಮ್ಮನಿಗೆ ಕಾಣದಂತೆ ಕತ್ತರಿಸದೆ ಉಳಿಸಿದ್ದರಂತೆ. ಚಳಿಗಾಲದಲ್ಲಿ ಆಕೆ ಅದನ್ನೇ ತೋರಿಸಿ 'ಇದರ ಬಣ್ಣ ಹೋಗಿದೆ' ಎಂದಾಗ, ಅವರು ಕೈಯಾಡಿಸಿ ನೋಡಿದರು: ತೊಗಟೆ ಬಿರಿದು ಒರಟಾಗಿತ್ತು. ಪಕ್ಕದ ಹೊಸ ಕಡ್ಡಿ ಎಣ್ಣೆ ಸವರಿದಂತೆ ಜಾರುತ್ತಿತ್ತು. "ಅವತ್ತಿನಿಂದ ಹೆಬ್ಬೆರಳಲ್ಲೇ ನೋಡುವುದು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದರೆ ಕೆಲಸ ಉಳಿಯುತ್ತದೋ?"

ಉಳಿಯುವಂತಿರಲಿಲ್ಲ. ಅಂಗಾರಣ್ಣ ಆಗ ಬೆಟ್ಟದ ತೋಟದ ಮೇಸ್ತ್ರಿ; ಮೇಸ್ತ್ರಿಗಳಿಗೆ ವಾಹನ ಪರವಾನಗಿ ಬೇಕೆಂದು ಅದೇ ತಿಂಗಳು ಹೊಸ ನಿಯಮ ಬಂದಿತ್ತು. ಅವರಿಗೆ ಕೆಂಪು ಹಸಿರು ಬೇರೆಯಾಗಿ ಕಾಣದೆಂಬ ಕಣ್ಣಿನ ಪರೀಕ್ಷೆಯ ಕಾಗದ ವಾರದೊಳಗೆ ವ್ಯವಸ್ಥಾಪಕರಾದ ಮೈಸೂರಿನ ಬಾಲಸುಬ್ರಹ್ಮಣ್ಯ ಅವರ ಮೇಜಿಗೆ ತಲುಪಿತು. ಅವರು ನೀರಜಾರನ್ನು ಕರೆಸಿ ಕಾಗದವನ್ನು ಮುಂದೆ ತಳ್ಳಿದರು.

"ಏನಮ್ಮಾ ಇದು? ಬಣ್ಣದ ತೋಟಕ್ಕೆ ಬಣ್ಣ ಕಾಣದವನು ಮೇಸ್ತ್ರಿ! ಹೊರಗೆ ಗೊತ್ತಾದ್ರೆ ನಮ್ಮ ಮಾನ ಏನಾಗ್ಬೇಕು? ಅವನ ವೀಸಾ ಖಲಾಸ್ ಮಾಡಿ ಊರಿಗೆ ಕಳಿಸೋದೇ ಸರಿ."

ಎಂದೂ ಎದುರಾಡದ ನೀರಜಾ ಅಂದು ಕುರ್ಚಿ ಬಿಟ್ಟು ಏಳಲಿಲ್ಲ. "ಒಂದು ಚಳಿಗಾಲ ಕೊಡಿ ಸರ್. ನಲವತ್ತು ಗಿಡದಲ್ಲಿ ಇಪ್ಪತ್ತನ್ನ ಅವರು ಕೈಯಿಂದ ಸವರಲಿ, ಇಪ್ಪತ್ತನ್ನ ನಾನು ಕಣ್ಣಿಂದ. ನನ್ನ ಸಾಲು ಚೆನ್ನಾಗಿ ಬಂದ್ರೆ ಟಿಕೆಟ್ ನಾನೇ ತೆಗೆಸಿಕೊಡ್ತೀನಿ."

ಒಳಗೊಳಗೆ ಆಕೆಗೆ ಅಂಜಿಕೆಯಿತ್ತು. ತಾನು ಚೆನ್ನಾಗಿ ಮಾಡಿದರೆ ಅಂಗಾರಣ್ಣ ಊರಿಗೆ. ಬೇಕೆಂದೇ ಕೆಡಿಸಿದರೆ ಅದು ಅವರಿಗೇ ಅವಮಾನ. "ಚೆನ್ನಾಗಿಯೇ ಮಾಡಿ ಅಮ್ಮ. ನೀವು ಸುಳ್ಳು ಮಾಡಿ ನನ್ನನ್ನು ಉಳಿಸುವುದು ಬೇಡ" ಎಂದರು ಅಂಗಾರಣ್ಣ. ಮಾರ್ಚಿನಲ್ಲಿ ನೀರಜಾ ಒಂದೊಂದು ಕಡ್ಡಿಯನ್ನೂ ಬಿಸಿಲಿಗೆ ಹಿಡಿದು ಪ್ರಾಮಾಣಿಕವಾಗಿ ಸವರಿದರು. ಆಚೆ ಸಾಲಿನಲ್ಲಿ ಅಂಗಾರಣ್ಣ ಬುಡದ ಬಳಿ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ ಬೆರಳಾಡಿಸುತ್ತಿದ್ದರು.

1994ರ ಜನವರಿಯಲ್ಲಿ ಬಾಲಸುಬ್ರಹ್ಮಣ್ಯ ಬೆಟ್ಟ ಹತ್ತಿದರು. ಕಾರಿನಿಂದ ಇಳಿದವರು ಬಾಗಿಲು ಹಾಕುವುದನ್ನೂ ಮರೆತು ನಿಂತರು. ಒಂದು ಸಾಲಿನಲ್ಲಿ ಕೆಂಪಿನ ನಡುವೆ ಬೂದಿಬಣ್ಣದ ದಪ್ಪ ಕಡ್ಡಿಗಳು ಅಲ್ಲಲ್ಲಿ ಉಳಿದಿದ್ದವು: ಮಾರ್ಚಿನಲ್ಲಿ ಸವರುವಾಗ ನೀರು ಚಿಮ್ಮಿ ತೊಳೆದ ಹಳೆಯ ತೊಗಟೆ ಹೊಳೆದು, ಧೂಳು ಹಿಡಿದ ಹೊಸ ತೊಗಟೆ ಮಂಕಾಗಿ, ನೀರಜಾರ ಕಣ್ಣು ಮೋಸಹೋಗಿತ್ತು. ಇನ್ನೊಂದು ಸಾಲು ಬುಡದಿಂದ ತುದಿಯವರೆಗೆ ಒಂದೇ ಉರಿ.

"ಅವನದು ಯಾವುದು?" ಎಂದು ಕೇಳಿದ ವ್ಯವಸ್ಥಾಪಕರು ಉತ್ತರಕ್ಕೆ ಕಾಯಲಿಲ್ಲ. ಸಾಲಿನುದ್ದಕ್ಕೂ ನಡೆದು ಹೋಗಿ ಮರಳಿ ಬಂದು, "ಅಂಗಾರ ಅವರೇ, ಕಾರಿಗೆ ಬೇರೆ ಡ್ರೈವರ್ ಕೊಡೋಣ. ನೀವು ಇಲ್ಲೇ ಇರಿ" ಎಂದರು. ನೀರಜಾ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ಸೋತದ್ದಕ್ಕೆ ಅಷ್ಟು ಸಂತೋಷಪಟ್ಟದ್ದು ಆಕೆಗೆ ನೆನಪಿಲ್ಲ.

ಮುಂದಿನ ಐದು ವರ್ಷ, ಗಿಡ ಸವರಲು ಕಲಿಯಬಂದವರಿಗೆಲ್ಲ ಅಂಗಾರ ಅವರು ಮೊದಲ ದಿನ ಕಣ್ಣಿಗೆ ಬಟ್ಟೆ ಕಟ್ಟಿಸಿದರು. ನೀರಜಾ ಕೂಡ ಕಟ್ಟಿಸಿಕೊಂಡರು.

ಕಳೆದ ತಿಂಗಳು, ಊರಿಗೆ ಹೋಗಿ ಏನು ಮಾಡುತ್ತೀರಿ ಎಂದು ನೀರಜಾ ಕೇಳಿದಾಗ ಅವರು ಹೇಳಿದರು: "ಸ್ವಲ್ಪ ಜಾಗ ಉಂಟು ಅಮ್ಮ, ಮಲ್ಲಿಗೆ ಹಾಕುತ್ತೇನೆ. ಅದನ್ನೂ ವರ್ಷಕ್ಕೊಮ್ಮೆ ಸವರಬೇಕು. ಮತ್ತೆ ಅದು ಬಿಳಿಯಲ್ಲವೋ, ನಿಮಗೂ ನನಗೂ ಒಂದೇ ಕಾಣುತ್ತದೆ."

ಆ ಮಲ್ಲಿಗೆ ತೋಟದಲ್ಲಿ ಶ್ರೀ ಅಂಗಾರ ಅವರು ಆಯುರಾರೋಗ್ಯದಿಂದ ನೂರು ಹಂಗಾಮು ಕಾಣಲಿ, ಅವರ ಬೆರಳುಗಳ ಚುರುಕು ಕಡೆತನಕ ಉಳಿಯಲಿ. ಮೊದಲ ಮೊಗ್ಗು ಬಿಡುವ ದಿನ ತಾವು ಅಲ್ಲಿರಬೇಕೆಂದು ನೀರಜಾ ಈಗಾಗಲೇ ರಜೆಯ ಅರ್ಜಿ ಬರೆದಿಟ್ಟಿದ್ದಾರೆ. ತಾರೀಕಿನ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದಾರೆ.